ಮಾಡಿ ನೋಡಿ ಎನ್ನುವ ವಿಜ್ಞಾನ

ಮುಂಗಾರು ಇನ್ನೇನು ಹಿಡಿಯಬೇಕು ಎನ್ನುವಾಗ ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರರ ಅಂಗಳದಲ್ಲಿ ಬೋರ್ಡೋ ದ್ರಾವಣದ ತಯಾರಿ ಶುರುವಾಗುತ್ತದೆ. ಕೊಳೆ ರೋಗ ಹತ್ತದಂತೆ ಅಡಿಕೆ ಗೊನೆಗಳಿಗೆ ಹೊಡೆಯುವ ಔಷಧಿ ಅದು. ತಯಾರಿಸುವ ಕ್ರಮ ಕರಪತ್ರದಲ್ಲಿರಲಿ, ಪತ್ರಿಕೆಯ ಕೃಷಿ ಪುಟದಲ್ಲಿರಲಿ, ಹೆಚ್ಚುಕಡಿಮೆ ಹೀಗಿರುತ್ತದೆ:

1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ. ಬೇರೆ ಪಾತ್ರೆಯಲ್ಲಿ 1 ಕಿಲೋ ಸುಟ್ಟ ಸುಣ್ಣವನ್ನು 50 ಲೀಟರ್ ನೀರಿನಲ್ಲಿ ಕದಡಿ, ಸೋಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕುತ್ತಿರಿ. ಲೋಹದ ಪಾತ್ರೆ ಬಳಸಬೇಡಿ. ಚೆನ್ನಾಗಿ ಉಜ್ಜಿದ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಕತ್ತಿಗೆ ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ. ತಯಾರಿಸಿದ ದಿನವೇ ಸಿಂಪಡಿಸಿ.

ಇಷ್ಟರಲ್ಲಿ ಒಂದು ವಾಕ್ಯವೂ ಏನನ್ನೂ ವರ್ಣಿಸುವುದಿಲ್ಲ, ಏನನ್ನೂ ವಾದಿಸುವುದಿಲ್ಲ. ಎಲ್ಲವೂ ಓದುವವರ ಕೈಗೆ ಕೆಲಸ ಹೇಳುತ್ತವೆ. ಶಾಲೆಯ ವ್ಯಾಕರಣದಲ್ಲಿ ಇದನ್ನು ವಿಧ್ಯರ್ಥ ಎಂದು ಕಲಿಸುತ್ತಾರೆ. ಆಜ್ಞೆ, ಆಶೀರ್ವಾದ, ಪ್ರಾರ್ಥನೆ, ಹಾರೈಕೆ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ವಿಜ್ಞಾನದ ಬರವಣಿಗೆಯಲ್ಲಿ ಈ ರೂಪಕ್ಕೆ ಮರ್ಯಾದೆ ಕಡಿಮೆ. ಅಡುಗೆ ಪುಸ್ತಕಕ್ಕೆ, ಔಷಧಿಯ ಪೊಟ್ಟಣಕ್ಕೆ, ಶಾಲಾ ಮಕ್ಕಳ ಚಟುವಟಿಕೆಗೆ ಇದು ಸಾಕು, ಗಂಭೀರ ವಿಜ್ಞಾನವಾದರೆ ‘ಬೆರೆಸಲಾಯಿತು’, ‘ಅಳೆಯಲಾಯಿತು’ ಎಂದೇ ಬರೆಯಬೇಕು ಎಂಬ ನಂಬಿಕೆ ಗಟ್ಟಿಯಾಗಿದೆ. ಯಾರಿಗೂ ಅಪ್ಪಣೆ ಕೊಡುವುದು ವಿಜ್ಞಾನದ ಸ್ವಭಾವವಲ್ಲ ಎಂಬ ಸಂಕೋಚವೂ ಅದರ ಹಿಂದಿದೆ. ನನ್ನ ಅಭಿಪ್ರಾಯ ಬೇರೆ. ವಿಜ್ಞಾನದ ಅತ್ಯಂತ ಪ್ರಾಮಾಣಿಕ ವಾಕ್ಯಗಳಲ್ಲಿ ಕೆಲವು ಇದೇ ರೂಪದಲ್ಲಿವೆ. ಆದರೆ ಆ ಅಪ್ಪಣೆ ಕೈಗೆ ಕೊಟ್ಟದ್ದಾಗಿರಬೇಕು, ಬುದ್ಧಿಗೆ ಕೊಟ್ಟದ್ದಾಗಿರಬಾರದು.

ಬೋರ್ಡೋ ಸೂಚನೆಯಲ್ಲಿನ ಕತ್ತಿಯ ವಾಕ್ಯವನ್ನೇ ನೋಡೋಣ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಸುಣ್ಣ ಸಾಲದೆ ಹೋದರೆ ದ್ರಾವಣದಲ್ಲಿ ತಾಮ್ರ ಬಿಡಿಯಾಗಿ ಉಳಿಯುತ್ತದೆ. ಕಬ್ಬಿಣ ತಾಮ್ರಕ್ಕಿಂತ ಚುರುಕಾದ ಲೋಹ. ಅದು ತಾನು ಕರಗಿ ತಾಮ್ರವನ್ನು ಹೊರದೂಡುತ್ತದೆ, ಹೊರಬಂದ ತಾಮ್ರ ಕತ್ತಿಯ ಮೇಲೆ ಕೆಂಪಾಗಿ ಕೂರುತ್ತದೆ. ಹಾಗೆ ಬಿಡಿಯಾಗಿ ಉಳಿದ ತಾಮ್ರ ಗೊನೆಯನ್ನೂ ಎಲೆಯನ್ನೂ ಸುಡಬಲ್ಲದು. ಸುಣ್ಣ ಸಾಕಷ್ಟಾದಾಗ ಕತ್ತಿ ಬೆಳ್ಳಗೇ ಉಳಿಯುತ್ತದೆ. ಈ ರಸಾಯನಶಾಸ್ತ್ರ ಗೊತ್ತಿಲ್ಲದ ಬೆಳೆಗಾರರೂ ದ್ರಾವಣ ಸರಿಯಾಗಿದೆಯೇ ಎಂದು ತಾವೇ ತೀರ್ಮಾನಿಸಬಲ್ಲರು. ಸುಣ್ಣ ಹಳೆಯದಾಗಿತ್ತೋ, ತೂಕ ಹೆಚ್ಚುಕಡಿಮೆಯಾಗಿತ್ತೋ, ಅಂಗಡಿಯವರು ಕೊಟ್ಟ ಮೈಲುತುತ್ತ ಎಷ್ಟು ಶುದ್ಧವೋ, ಎಲ್ಲಕ್ಕೂ ಕತ್ತಿಯೇ ಉತ್ತರ ಹೇಳುತ್ತದೆ. ಇಲಾಖೆಯ ಮಾತನ್ನು ಕಣ್ಣುಮುಚ್ಚಿ ನಂಬುವ ಅಗತ್ಯವಿಲ್ಲ. ಅಪ್ಪಣೆ ಕೊಟ್ಟವರೇ ಅದನ್ನು ಪರೀಕ್ಷಿಸುವ ಅಧಿಕಾರವನ್ನೂ ಓದುವವರಿಗೆ ಬಿಟ್ಟುಕೊಟ್ಟಿದ್ದಾರೆ.

ಅದೇ ಸೂಚನೆಯ ಇನ್ನೊಂದು ವಾಕ್ಯದಲ್ಲಿ ಎರಡು ವಿಭಕ್ತಿ ಪ್ರತ್ಯಯಗಳ ಮೇಲೆ ಇಡೀ ಕೆಲಸ ನಿಂತಿದೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ತಿರುಗುಮುರುಗಾದರೆ ಒತ್ತರಿಸುವ ಕಣಗಳು ದಪ್ಪವಾಗಿ ಬೇಗ ತಳ ಕಾಣುತ್ತವೆ, ಸಿಂಪಡಿಸುವ ನಳಿಕೆ ಕಟ್ಟಿಕೊಳ್ಳುತ್ತದೆ, ಗೊನೆಗೆ ಅಂಟುವುದೂ ಕಡಿಮೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಲ್ಫ್ಯೂರಿಕ್ ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು ಎಂದು ಕಲಿಸುವುದೂ ಇದೇ ಬಗೆಯದು. ಅಲ್ಲಿ ತಪ್ಪಿದರೆ ಮೇಲೆ ಬಿದ್ದ ನೀರು ಕುದಿದು ಆಮ್ಲ ಮುಖಕ್ಕೆ ಸಿಡಿಯುತ್ತದೆ. ‘ಎರಡನ್ನೂ ಬೆರೆಸಲಾಗುತ್ತದೆ’ ಎಂದು ಬರೆದರೆ ಈ ಎಚ್ಚರವೆಲ್ಲ ಅಳಿಸಿಹೋಗುತ್ತದೆ. ಯಾವುದಕ್ಕೆ ಯಾವುದು ಎಂಬುದನ್ನು ಬಿಟ್ಟುಬಿಡಲು ಆ ವಾಕ್ಯ ಅವಕಾಶ ಕೊಡುತ್ತದೆ.

ಈ ದ್ರಾವಣ ನಮ್ಮ ಅಂಗಳಕ್ಕೆ ಬಂದದ್ದು ಅಪ್ಪಣೆಯಾಗಿ ಅಲ್ಲ, ಕಂಡದ್ದರ ವರದಿಯಾಗಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಯ ಬದಿಯ ದ್ರಾಕ್ಷಿಯನ್ನು ಹೋಗಿಬರುವವರು ಕೀಳದಿರಲೆಂದು ಬೆಳೆಗಾರರು ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬಳಿಯುತ್ತಿದ್ದರು. 1882ರಲ್ಲಿ ಸಸ್ಯವಿಜ್ಞಾನಿ ಮಿಲಾರ್ದೆ ಆ ಬಳ್ಳಿಗಳಲ್ಲಿ ಬೂಜು ರೋಗ ಇಲ್ಲದಿರುವುದನ್ನು ಕಂಡರು. ಪ್ರಯೋಗಗಳ ನಂತರ 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆ ರೋಗವನ್ನು ಅಧ್ಯಯನ ಮಾಡಿ, ಫೈಟಾಫ್ತೊರ ಜಾತಿಯ, ಶಿಲೀಂಧ್ರದಂಥ ಜೀವಿಯೇ ಕಾರಣ ಎಂದು 1910ರ ವರದಿಯಲ್ಲಿ ತೋರಿಸಿದರು. ಬೋರ್ಡೋ ಸಿಂಪಡಣೆಯನ್ನು ಮಲೆನಾಡಿಗೆ ತಂದವರೂ ಅವರೇ. ಅಂಥ ವರದಿ ‘ಹೀಗೆ ಮಾಡಿದೆವು, ಹೀಗೆ ಕಂಡಿತು’ ಎನ್ನುತ್ತದೆ. ಕರಪತ್ರ ‘ಹೀಗೆ ಮಾಡಿ’ ಎನ್ನುತ್ತದೆ. ಒಂದೇ ವಿಜ್ಞಾನಕ್ಕೆ ಎರಡು ಮಾತುಗಳೂ ಬೇಕು, ಆದರೆ ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡಲಾರದು.

ವರದಿ ಸಾಕ್ಷಿ ನುಡಿಯುತ್ತದೆ. ಸಂಶೋಧಕರು ‘10 ನಿಮಿಷ ಕಾಯಿಸಿದೆವು’ ಎಂದು ಬರೆದರೆ ಅವರು ಒಂದು ನಡೆದ ಸಂಗತಿಗೆ ಸಹಿ ಹಾಕಿದಂತೆ. ‘10 ನಿಮಿಷ ಕಾಯಿಸಿ’ ಎಂದು ಬರೆದರೆ ಅವರು ಸ್ವತಃ ಎಷ್ಟು ಹೊತ್ತು ಕಾಯಿಸಿದ್ದರು ಎಂಬುದು ನಮಗೆ ತಿಳಿಯುವುದೇ ಇಲ್ಲ. ಹಾಗಾಗಿ ಸಂಶೋಧನಾ ಪ್ರಬಂಧದ ವಿಧಾನ ಭಾಗವನ್ನು ಭೂತಕಾಲದಲ್ಲಿ ಬರೆಯಬೇಕು ಎಂಬ ನಿಯಮಕ್ಕೆ ಕಾರಣ ಬಿಗುಮಾನವಷ್ಟೇ ಅಲ್ಲ. ನಡೆದದ್ದನ್ನು ನಡೆದಂತೆ ಹೇಳುವ ಹೊಣೆ ಅದರಲ್ಲಿದೆ. ವಿಧ್ಯರ್ಥದ ಪರವಾಗಿ ಮಾತಾಡುವವರು ಇದನ್ನು ಮರೆಯಬಾರದು.

ಇತಿಹಾಸದಲ್ಲಿ ಮೊದಲು ಬಂದದ್ದು ಮಾತ್ರ ಅಪ್ಪಣೆಯೇ. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ರಿಂಡ್ ಪಪೈರಸ್ ಸುರುಳಿಯನ್ನು ಅಹ್ಮೋಸ್ ಎಂಬ ಲಿಪಿಕಾರ ಕ್ರಿ.ಪೂ. 1550ರ ಸುಮಾರಿಗೆ ನಕಲು ಮಾಡಿದ. ಅದರಲ್ಲಿ ದುಂಡನೆಯ ಹೊಲವೊಂದರ ಲೆಕ್ಕವಿದೆ. ವ್ಯಾಸ 9. ಅದರ ಒಂಬತ್ತನೇ ಒಂದು ಭಾಗವನ್ನು ಕಳೆ, 8 ಉಳಿಯಿತು. ಎಂಟನ್ನು ಎಂಟರಿಂದ ಗುಣಿಸು, 64 ಬಂತು, ಅದೇ ವಿಸ್ತೀರ್ಣ ಎಂಬುದು ಅದರ ತಾತ್ಪರ್ಯ. ಇಂದಿನ ಲೆಕ್ಕದಲ್ಲಿ ಸರಿಯಾದ ಉತ್ತರ ಸುಮಾರು 63.6. ಮೂರೂವರೆ ಸಾವಿರ ವರ್ಷದ ಹಿಂದೆ ಇಷ್ಟು ಹತ್ತಿರ ಬಂದದ್ದು ದೊಡ್ಡ ಸಾಧನೆಯೇ. ಆದರೆ ಅಪ್ಪಣೆ ಪಾಲಿಸಿದವನಿಗೆ ಇದು ಅಂದಾಜು ಎಂಬುದು ಗೊತ್ತಾಗುವ ದಾರಿ ಅಲ್ಲಿಲ್ಲ. ಒಂಬತ್ತನೇ ಒಂದನ್ನೇ ಏಕೆ ಕಳೆಯಬೇಕು? ಸುರುಳಿ ಹೇಳುವುದಿಲ್ಲ. ಲೆಕ್ಕ ಮಾಡುವುದು ಬರುತ್ತದೆ, ಲೆಕ್ಕವನ್ನು ಪ್ರಶ್ನಿಸುವುದು ಬರುವುದಿಲ್ಲ.

ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೆ ಬರೆದ ರೇಖಾಗಣಿತದಲ್ಲೂ ಹೆಜ್ಜೆಹೆಜ್ಜೆಗೆ ವಿಧ್ಯರ್ಥವಿದೆ, ಆದರೆ ಅದರ ದನಿ ಬೇರೆ. ‘ವೃತ್ತ ಎಳೆ’ ಎಂದು ಎದುರಿಗಿರುವವರಿಗೆ ಆತ ಹೇಳುವುದಿಲ್ಲ. ‘ವೃತ್ತ ಎಳೆದಾಗಿರಲಿ’ ಎಂಬಂಥ ಪ್ರಥಮ ಪುರುಷದ ರೂಪ ಬಳಸುತ್ತಾನೆ. ಎಳೆಯುವವರು ಯಾರು ಎಂಬುದು ಅವನಿಗೆ ಮುಖ್ಯವಲ್ಲ. ಕನ್ನಡದ ಮಕ್ಕಳಿಗೆ ಇದು ಅಪರಿಚಿತವಲ್ಲ. ‘ಎಬಿಸಿ ಒಂದು ತ್ರಿಭುಜವಾಗಿರಲಿ’ ಎಂದು ನಮ್ಮ ಗಣಿತ ಪುಸ್ತಕಗಳು ಇಂದಿಗೂ ಬರೆಯುತ್ತವೆ. ನಿಜವಾದ ಹೆಚ್ಚುಗಾರಿಕೆ ಮುಂದಿನ ಸಾಲುಗಳಲ್ಲಿದೆ. ಕೊಟ್ಟ ರೇಖೆಯ ಮೇಲೆ ಸಮಬಾಹು ತ್ರಿಭುಜ ರಚಿಸುವ ಮೊದಲನೆಯ ಪ್ರಮೇಯದಲ್ಲೇ ಎರಡು ವೃತ್ತಗಳನ್ನು ಎಳೆಸಿದ ಕೂಡಲೇ ಮೂರು ಬಾಹುಗಳೂ ಏಕೆ ಸಮ ಎಂಬುದನ್ನು ಯೂಕ್ಲಿಡ್ ಸಾಧಿಸುತ್ತಾನೆ. ಅಪ್ಪಣೆಯ ಬೆನ್ನಿಗೇ ಕಾರಣ ಬರುತ್ತದೆ. ಕೈ ಮಾಡಿದ್ದನ್ನು ಬುದ್ಧಿ ಒಪ್ಪುವ ತನಕ ಆತ ಮುಂದಕ್ಕೆ ಹೋಗುವುದಿಲ್ಲ.

ನಮ್ಮಲ್ಲಿ ಭಾಸ್ಕರಾಚಾರ್ಯರು 1150ರ ಸುಮಾರಿಗೆ ಬರೆದ ಲೀಲಾವತಿಯಲ್ಲಿ ಅಪ್ಪಣೆಯ ಬಗೆಯೇ ಇನ್ನೊಂದು. ಬಾಲೆ, ಸಖ, ಗಣಿತಜ್ಞ ಎಂದು ಕರೆದು, ಲೆಕ್ಕವನ್ನು ಮುಂದಿಟ್ಟು, ‘ಹೇಳು’ ಎನ್ನುತ್ತಾರೆ. ಆ ಒಂದು ಕ್ರಿಯಾಪದದಲ್ಲಿ ಗುರು ಮಾತು ನಿಲ್ಲಿಸಿ ಶಿಷ್ಯೆಗೆ ಸರದಿ ಬಿಟ್ಟುಕೊಡುತ್ತಾನೆ. ಕನ್ನಡದಲ್ಲೂ ಹೀಗೆ ಮಾಡಿರೆಂದು ಹೇಳುವ ಶಾಸ್ತ್ರ ಬರವಣಿಗೆ ಹಳೆಯದು. ಬೇಸಾಯ, ಅಡುಗೆ, ಸುಗಂಧ, ಪಶುವೈದ್ಯಗಳನ್ನು ಹೇಳುವ ಚಾವುಂಡರಾಯನ ಲೋಕೋಪಕಾರ 11ನೇ ಶತಮಾನದ್ದು. ರಾಜಾದಿತ್ಯನ ವ್ಯವಹಾರ ಗಣಿತ 12ನೇ ಶತಮಾನದ್ದು. ‘ಲ್ಪಟ್ಟಿತು’ ಎಂದು ವಾಕ್ಯ ಮುಗಿಸದಿದ್ದರೆ ಅದು ಶಾಸ್ತ್ರವೇ ಅಲ್ಲ ಎಂಬ ಅಂಜಿಕೆ ನಮಗೆ ಬಹಳ ಈಚೆಗೆ ಅಂಟಿಕೊಂಡದ್ದು.

ಆ ಅಂಜಿಕೆಯ ಮೂಲ ಯೂರೋಪಿನ 17ನೇ ಶತಮಾನದ ಒಂದು ಒಳ್ಳೆಯ ಬದಲಾವಣೆಯಲ್ಲಿದೆ. ರಾಬರ್ಟ್ ಬಾಯ್ಲ್ 1660ರಲ್ಲಿ ಗಾಳಿಪಂಪಿನ ಪ್ರಯೋಗಗಳನ್ನು ಪ್ರಕಟಿಸಿದಾಗ, ನಾನು ಹೀಗೆ ಮಾಡಿದೆ, ಇಂಥದ್ದು ಕಂಡಿತು, ಇಂಥ ಕಡೆ ಸೋತೆ ಎಂದು ಎಳೆಎಳೆಯಾಗಿ ಬರೆದರು. ಅಂದಿಗೆ ಆ ಯಂತ್ರವನ್ನು ಮಾಡಿಸುವ ಹಣವಾಗಲಿ ಕುಶಲಕರ್ಮಿಗಳಾಗಲಿ ಬೆರಳೆಣಿಕೆಯ ಜನರಿಗಷ್ಟೇ ಇದ್ದವು. ಮಾಡಿ ನೋಡಿ ಎಂದರೆ ಪ್ರಯೋಜನವಿರಲಿಲ್ಲ. ಓದಿದವರಿಗೆ ತಾವೇ ಪಕ್ಕದಲ್ಲಿ ನಿಂತು ಕಂಡ ಹಾಗೆ ಆಗಬೇಕಿತ್ತು. ಸ್ಟೀವನ್ ಶೇಪಿನ್ ಮತ್ತು ಸೈಮನ್ ಶಾಫರ್ ಎಂಬ ಇತಿಹಾಸಕಾರರು 1985ರ ತಮ್ಮ ಪುಸ್ತಕದಲ್ಲಿ ಇದನ್ನು ಓದಿನ ಮೂಲಕ ಸಾಕ್ಷಿಯಾಗಿಸುವ ಕಲೆ ಎಂಬರ್ಥದಲ್ಲಿ ವಿವರಿಸಿದ್ದಾರೆ. ಬಾಯ್ಲ್ ‘ನಾನು’ ಎನ್ನುತ್ತಿದ್ದರು. ಕಾಲ ಕಳೆದಂತೆ ಆ ‘ನಾನು’ ಕರಗಿತು, ‘ಮಾಡಲಾಯಿತು’ ಮಾತ್ರ ಉಳಿಯಿತು. ಪ್ರಬಂಧದ ಪುಟಗಳು ಕಡಿಮೆಯಾದಂತೆ ವಿಧಾನದ ಭಾಗವೂ ಕುಗ್ಗಿತು. ‘ಹಿಂದಿನ ಪ್ರಬಂಧದಲ್ಲಿ ಹೇಳಿದಂತೆ ಮಾಡಲಾಯಿತು’ ಎಂಬ ಒಂದೇ ಸಾಲು. ಆ ಹಿಂದಿನ ಪ್ರಬಂಧ ತೆರೆದರೆ ಅದಕ್ಕೂ ಹಿಂದಿನದರ ವಿಳಾಸ.

ಇದರ ಬೆಲೆ ಎಷ್ಟೆಂದು ಈಚಿನ ಒಂದು ದೊಡ್ಡ ಪ್ರಯತ್ನ ತೋರಿಸಿಕೊಟ್ಟಿತು. ಕ್ಯಾನ್ಸರ್ ಜೀವವಿಜ್ಞಾನದಲ್ಲಿ ಹೆಸರು ಮಾಡಿದ 53 ಪ್ರಬಂಧಗಳಿಂದ 193 ಪ್ರಯೋಗಗಳನ್ನು ಆರಿಸಿ, ಮತ್ತೆ ಮಾಡಿ ನೋಡಲು ಸೆಂಟರ್ ಫಾರ್ ಓಪನ್ ಸೈನ್ಸ್ ಎಂಬ ಸಂಸ್ಥೆ ಇತರರ ಜೊತೆ ಸೇರಿ ಹೊರಟಿತು. 2021ರಲ್ಲಿ ಹೊರಬಂದ ವರದಿಯ ಪ್ರಕಾರ, ಪ್ರಬಂಧವನ್ನಷ್ಟೇ ಓದಿ ಮರುಪ್ರಯೋಗದ ಹಂತಗಳನ್ನು ಬರೆದುಕೊಳ್ಳಲು ಆ 193ರಲ್ಲಿ ಒಂದೇ ಒಂದಕ್ಕೂ ಸಾಕಷ್ಟು ವಿವರ ಇರಲಿಲ್ಲ. ಮೂಲ ಲೇಖಕರಿಗೆ ಪತ್ರ ಬರೆದು ಕೇಳಬೇಕಾಯಿತು. ಸುಮಾರು ಮೂರನೇ ಒಂದು ಪಾಲು ಪ್ರಯೋಗಗಳ ವಿಷಯದಲ್ಲಿ ನೆರವೂ ಸಿಗಲಿಲ್ಲ. ಕೊನೆಗೆ 23 ಪ್ರಬಂಧಗಳ 50 ಪ್ರಯೋಗಗಳನ್ನಷ್ಟೇ ಮಾಡಲು ಆಯಿತು. ಇವರಾರೂ ಅಪ್ರಾಮಾಣಿಕರಾಗಿರಬೇಕಿಲ್ಲ. ಸಾಕ್ಷಿ ನುಡಿಯುವ ಬರವಣಿಗೆ ಇನ್ನೊಬ್ಬರ ಕೈಯನ್ನು ಮರೆತಾಗ ಹೀಗಾಗುತ್ತದೆ. ‘ತೊಳೆಯಲಾಯಿತು’ ಎಂದು ಬರೆಯುವಾಗ ಎಷ್ಟು ಸಲ, ಯಾವುದರಿಂದ, ಎಷ್ಟು ಹೊತ್ತು ಎಂಬ ಪ್ರಶ್ನೆ ಏಳುವುದಿಲ್ಲ. ‘ತೊಳೆಯಿರಿ’ ಎಂದು ಬರೆದರೆ ಆ ಪ್ರಶ್ನೆಗಳು ಎದ್ದು ನಿಲ್ಲುತ್ತವೆ, ಏಕೆಂದರೆ ಎದುರಿಗೆ ತೊಳೆಯಬೇಕಾದ ಒಬ್ಬರು ಇದ್ದಾರೆ.

ಪ್ರಯೋಗಶಾಲೆಯ ಜನರಿಗೆ ಇದು ಮೊದಲಿನಿಂದ ಗೊತ್ತಿತ್ತು. ಪ್ರಬಂಧವನ್ನು ಅವರು ಒಂದು ಮಾತಿನಲ್ಲಿ ಬರೆಯುತ್ತಾರೆ, ಮೇಜಿನ ಮೇಲಿನ ಪ್ರೋಟೋಕಾಲ್ ಹಾಳೆಯನ್ನು ಇನ್ನೊಂದರಲ್ಲಿ. ಮೈಕೆಲ್ ಫ್ಯಾರಡೆ 1827ರಲ್ಲಿ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆಂದು ಕೈಗೆಲಸದ ಕೈಪಿಡಿಯನ್ನೇ ಪ್ರಕಟಿಸಿದ್ದರು. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ಬೇಸಿಗೆ ತರಬೇತಿಯಿಂದ ಹುಟ್ಟಿ 1982ರಲ್ಲಿ ಅಚ್ಚಾದ ‘ಮಾಲಿಕ್ಯುಲರ್ ಕ್ಲೋನಿಂಗ್’ ಕೈಪಿಡಿ ಮೂವರು ಲೇಖಕರದ್ದಾದರೂ ಮೊದಲನೆಯವರ ಹೆಸರಿನಿಂದ ‘ಮನಿಯಾಟಿಸ್’ ಎಂದೇ ಲೋಕದ ಲ್ಯಾಬುಗಳಲ್ಲಿ ಹೆಸರಾಯಿತು. ಸೇರಿಸಿ, ಅಲುಗಿಸಿ, ಮಂಜುಗಡ್ಡೆಯ ಮೇಲಿಡಿ ಎಂದು ಸಂಖ್ಯೆ ಹಾಕಿದ ಹಂತಗಳು. ಜೀನ್ ತಂತ್ರಜ್ಞಾನ ಕೆಲವೇ ತಜ್ಞರ ಸ್ವತ್ತಾಗಿ ಉಳಿಯದೆ ಜಗತ್ತಿಗೆ ಹರಡಿದ್ದರಲ್ಲಿ ಈ ಅಪ್ಪಣೆಗಳ ಪಾಲು ದೊಡ್ಡದು.

2006ರಲ್ಲಿ ಶುರುವಾದ ‘ನೇಚರ್ ಪ್ರೋಟೋಕಾಲ್ಸ್’ ಪತ್ರಿಕೆ ಪ್ರಯೋಗಕ್ರಮವನ್ನು ಹೀಗೆ ಹಂತಹಂತದ ಅಪ್ಪಣೆಗಳಲ್ಲಿ ಕೇಳುತ್ತದೆ. ಅಷ್ಟಕ್ಕೆ ನಿಲ್ಲುವುದಿಲ್ಲ. ತಪ್ಪಿದರೆ ಎಲ್ಲ ಕೆಡುವ ಹಂತ ಯಾವುದು, ಎಲ್ಲಿ ಕೆಲಸ ನಿಲ್ಲಿಸಿ ಮಾರನೆಯ ದಿನ ಮುಂದುವರಿಸಬಹುದು, ಬಂದಿರಬೇಕಾದದ್ದು ಬರದಿದ್ದರೆ ಕಾರಣ ಏನಿರಬಹುದು, ಇವನ್ನೂ ಗುರುತು ಹಾಕಿ ಕೊಡಬೇಕು. ‘ಇಲ್ಲಿ ನಿಲ್ಲಿಸಬಹುದು’ ಎಂಬ ಆ ಗುರುತು ನನಗೆ ತುಂಬ ಇಷ್ಟವಾದದ್ದು. ಪ್ರಯೋಗ ಮಾಡುವ ಹುಡುಗಿಗೆ ಹಸಿವೂ ನಿದ್ದೆಯೂ ಇದೆ, ಕೊನೆಯ ಬಸ್ಸು ಹಿಡಿಯುವುದಿದೆ ಎಂಬುದನ್ನು ಬರೆದವರು ನೆನೆದಿದ್ದಾರೆ. ಪ್ರಯೋಗಗಳನ್ನು ವಿಡಿಯೊದಲ್ಲಿ ತೋರಿಸುವ ‘ಜೋವ್’ ಪತ್ರಿಕೆಯಲ್ಲಿ ನಿಯಮ ಇನ್ನೂ ಕಟ್ಟುನಿಟ್ಟು: ಪ್ರೋಟೋಕಾಲಿನ ಪ್ರತಿ ಹಂತವೂ ವಿಧ್ಯರ್ಥದಲ್ಲೇ ಇರಬೇಕು, ಹಾಗೆ ಬರೆಯಲು ಬಾರದ್ದನ್ನು ಟಿಪ್ಪಣಿಯಾಗಿ ಪ್ರತ್ಯೇಕಿಸಬೇಕು.

ವರದಿ ಮತ್ತು ಅಪ್ಪಣೆ ಎರಡೂ ಸೇರಿ ಜೀವ ಉಳಿಸಿದ ಕಥೆಯೊಂದು ನಮ್ಮ ನೆರೆಯಲ್ಲೇ ಇದೆ. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬೀಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕುಡಿಸುವ ನಿರ್ಧಾರ ಮಾಡಿದರು. ಕುಡಿಸಿದವರು ಹೆಚ್ಚಾಗಿ ರೋಗಿಗಳ ಮನೆಯವರೇ. ಸುಮಾರು ಶೇ 30ರಷ್ಟಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ಶೇ 3.6ಕ್ಕೆ ಇಳಿಯಿತು. 1973ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಸೋಡಾ ಎಂಬ ಲೆಕ್ಕ ಆ ಸಾಕ್ಷ್ಯದ ಭಾಗ. ವೈದ್ಯಲೋಕ ನಂಬಲು ಆ ಸಾಕ್ಷ್ಯ ಬೇಕಿತ್ತು. ಮಹಾಲನಬೀಸರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಆದರೆ ಹಳ್ಳಿಯ ತಾಯಿಯ ಹತ್ತಿರ ಗ್ರಾಂ ತೂಗುವ ತಕ್ಕಡಿ ಎಲ್ಲಿದೆ? ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಿಂದ 1990ರವರೆಗೆ ಮನೆಮನೆಗೆ ಹೋಗಿ ಕಲಿಸಿದ್ದು ಹೀಗೆ: ಮೂರು ಬೆರಳಲ್ಲಿ ಬರುವ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಉಪ್ಪು ಹೆಚ್ಚಾದರೆ ಮಗುವಿನ ಜೀವಕ್ಕೇ ಅಪಾಯ. ಸಿಹಿ ಅತಿಯಾದರೆ ಭೇದಿ ಹೆಚ್ಚುತ್ತದೆ. ಸಿಹಿಯೇ ಇಲ್ಲದಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಸರಿಯಾಗಿ ಹೀರದು. ಹಾಗಾಗಿ ತಾಯಿ ಮಾಡಿ ತೋರಿಸುವವರೆಗೂ ಪಾಠ ಮುಗಿಯುತ್ತಿರಲಿಲ್ಲ. ಈ ಕಾರ್ಯಕ್ರಮದ ಅತ್ಯಂತ ಬುದ್ಧಿವಂತ ಭಾಗವೆಂದರೆ ಕಲಿಸುವವರ ಸಂಬಳ. ಕೆಲವು ದಿನಗಳ ನಂತರ ಬೇರೊಬ್ಬರು ಹೋಗಿ ಆರಿಸಿದ ಮನೆಗಳಲ್ಲಿ ತಾಯಂದಿರನ್ನು ಕೇಳಿ, ಮಾಡಿಸಿ ನೋಡುತ್ತಿದ್ದರು. ತಾಯಂದಿರಿಗೆ ಎಷ್ಟು ನೆನಪಿದೆ, ಎಷ್ಟು ಸರಿಯಾಗಿ ಮಾಡುತ್ತಾರೆ ಎಂಬುದರ ಮೇಲೆ ಕಲಿಸಿದವರಿಗೆ ಹಣ. ಹೀಗೆ 1.2 ಕೋಟಿಗೂ ಹೆಚ್ಚು ಮನೆಗಳನ್ನು ತಲುಪಿದರು. ಅಪ್ಪಣೆ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಕೊಟ್ಟವರ ಪಾಂಡಿತ್ಯದಿಂದ ಅಳೆಯದೆ, ಪಡೆದವರ ಕೈಯಿಂದ ಅಳೆದದ್ದು ನನಗೆ ವಿಜ್ಞಾನ ಬರವಣಿಗೆಯ ಇತಿಹಾಸದಲ್ಲೇ ದೊಡ್ಡ ಸಂಗತಿ ಎನಿಸುತ್ತದೆ.

ಇಂಥ ಬರವಣಿಗೆಗೆ ಕನ್ನಡದ ವಾಕ್ಯರಚನೆಯೇ ಒಂದು ವರ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. ಷರತ್ತು, ಅಳತೆ, ಪಾತ್ರೆ, ಎಲ್ಲ ಮೊದಲೇ ಬಂದು ಕೆಲಸ ಆಮೇಲೆ ಬರುತ್ತದೆ: ‘ಕುದಿದು ಆರಿದ ಒಂದು ಲೀಟರ್ ನೀರಿಗೆ ಅಂಚಿಗೆ ಸಮ ಮಾಡಿದ ಅರ್ಧ ಟೀ ಚಮಚ ಉಪ್ಪು ಮತ್ತು 6 ಟೀ ಚಮಚ ಸಕ್ಕರೆ ಹಾಕಿ.’ ‘ಹಾಕಿ’ ಎಂಬ ಮಾತು ಬರುವಷ್ಟರಲ್ಲಿ ಎಷ್ಟು, ಯಾವುದಕ್ಕೆ ಎಂಬುದೆಲ್ಲ ತಿಳಿದಿರುತ್ತದೆ. ಹೀಗಿದ್ದೂ ನಾವು ಕೆಡಿಸಿಕೊಳ್ಳುತ್ತೇವೆ. ಮೂರನೇ ಹಂತದಲ್ಲಿ ಪುಡಿ ಹಾಕಿಸಿ, ನಾಲ್ಕನೆಯದರಲ್ಲಿ ‘ಹಾಕುವ ಮೊದಲು ನೀರು ಆರಿರಬೇಕು’ ಎಂದು ಬರೆಯುವವರಿದ್ದಾರೆ. ಒಆರ್‌ಎಸ್ ಪೊಟ್ಟಣಗಳಲ್ಲಿ ಒಂದು ಲೀಟರಿನದೂ ಇದೆ, 200 ಮಿಲಿಲೀಟರಿನ ಸಣ್ಣದೂ ಇದೆ. ‘ಪೂರ್ತಿ ಪೊಟ್ಟಣವನ್ನು ಇಷ್ಟು ನೀರಿಗೆ’ ಎಂಬ ಸಾಲು ದಪ್ಪಕ್ಷರದ ಕನ್ನಡದಲ್ಲಿ ಇಲ್ಲದಿದ್ದರೆ ದೊಡ್ಡ ಪೊಟ್ಟಣ ಒಂದು ಲೋಟಕ್ಕೆ ಬಿದ್ದುಬಿಡಬಹುದು.

ಕನ್ನಡದ್ದೇ ಆದ ಒಂದು ತೊಡಕೂ ಇದೆ. ‘ಕುದಿಸಿ’ ಎಂದರೆ ನೀವು ಕುದಿಸಿರಿ ಎಂದೂ ಆಗುತ್ತದೆ, ಕುದಿಸಿದ ಮೇಲೆ ಎಂದೂ ಆಗುತ್ತದೆ. ‘ನೀರು ಕುದಿಸಿ ಆರಿಸಿ ಸೋಸಿ ಪುಡಿ ಬೆರೆಸಿ ಕುಡಿಸಿ’ ಎಂದು ಒಂದೇ ಉಸಿರಿಗೆ ಬರೆದರೆ ಐದು ಕೆಲಸ ಒಂದಕ್ಕೊಂದು ಅಂಟಿಕೊಂಡು, ಎಲ್ಲಿ ನಿಲ್ಲಬೇಕು, ಯಾವುದಕ್ಕೆ ಎಷ್ಟು ಹೊತ್ತು ಎಂಬುದು ಕಾಣೆಯಾಗುತ್ತದೆ. ಮೇಲೆ ಕೊಟ್ಟ ಬೋರ್ಡೋ ಸೂಚನೆಯ ‘ಕದಡಿ, ಸೋಸಿ’ ಎಂಬಲ್ಲೂ ಈ ತೊಡಕಿದೆ. ಅಡುಗೆಮನೆಯಲ್ಲಿ ಇದು ನಡೆದೀತು. ಅಳತೆಯೂ ಕ್ರಮವೂ ಮುಖ್ಯವಾದ ಕಡೆ ವಾಕ್ಯಕ್ಕೊಂದೇ ಕೆಲಸ ಇರಲಿ, ‘ಕುದಿಸಿರಿ’, ‘ಸೋಸಿರಿ’ ಎಂದು ಪೂರ್ತಿ ರೂಪ ಬರೆಯುವುದು ಒಳ್ಳೆಯದು. ಹಳೆಯ ಪಠ್ಯಗಳಲ್ಲಿನ ಈ ‘ಇರಿ’ ಹಳೆಯದೆಂದು ಕೈಬಿಡುವಂಥದ್ದಲ್ಲ. ಇನ್ನು ಸರ್ಕಾರಿ ಕನ್ನಡದ ‘ಮಾಡತಕ್ಕದ್ದು’ ನನಗೆ ಒಪ್ಪಿಗೆಯಿಲ್ಲ. ಅದು ಹೊಣೆ ಹೊರಿಸುತ್ತದೆ, ದಾರಿ ತೋರಿಸುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಕೈಗೆ ಕೊಡುವ ಅಪ್ಪಣೆ. ಬುದ್ಧಿಗೆ ಕೊಡುವ ಅಪ್ಪಣೆಯ ವಿಚಾರ ಸೂಕ್ಷ್ಮ. ಬ್ರಿಟನ್ನಿನಲ್ಲಿ ಹುಟ್ಟಿದ ಗಣಿತಜ್ಞ ಬ್ರಯನ್ ರಾಟ್‌ಮನ್ 1988ರ ಲೇಖನವೊಂದರಲ್ಲಿ ಗಣಿತದ ಅಪ್ಪಣೆಗಳನ್ನು ಎರಡಾಗಿ ವಿಂಗಡಿಸಿದರು. ‘ಪರಿಗಣಿಸಿ’, ‘ಸಾಧಿಸಿ’ ಎಂಬಂಥವು ಓದುವವರನ್ನು ಜೊತೆಗೆ ಯೋಚಿಸಲು ಕರೆಯುತ್ತವೆ. ‘ಕೂಡಿಸಿ’, ‘ಗುಣಿಸಿ’ ಎಂಬಂಥವು ಮಾಡಿಬಿಡು ಎನ್ನುತ್ತವೆ. ಭಾಷಾವಿಜ್ಞಾನಿ ಕೆನ್ ಹೈಲೆಂಡ್ 2002ರಲ್ಲಿ ಪ್ರಬಂಧಗಳನ್ನೂ ಪಠ್ಯಪುಸ್ತಕಗಳನ್ನೂ ಜಾಲಾಡಿ ಮೂರು ಬಗೆ ಕಂಡರು: ಕೋಷ್ಟಕ ನೋಡಿ ಎಂದು ಪುಟ ತಿರುಗಿಸುವುದು, ಕಾಯಿಸಿ ಎಂದು ಕೆಲಸ ಮಾಡಿಸುವುದು, ಗಮನಿಸಿ ಎಂದು ಮನಸ್ಸನ್ನು ಒಂದು ಕಡೆಗೆ ತಿರುಗಿಸುವುದು. ಕೊನೆಯದೇ ಅಪಾಯದ್ದು. ‘ಇದರಿಂದ ಇಂಥದ್ದು ಸಿದ್ಧವಾಯಿತು ಎಂಬುದನ್ನು ಗಮನಿಸಿ’ ಎಂದು ಬರೆದಾಗ, ತೋರಿಸಬೇಕಾದ ಪುರಾವೆಯ ಜಾಗದಲ್ಲಿ ಒಂದು ಅಪ್ಪಣೆ ಬಂದು ಕೂತಿರುತ್ತದೆ.

ನಮ್ಮ ಶಾಲಾ ಪುಸ್ತಕಗಳಲ್ಲಿ ಇದು ದಿನವೂ ನಡೆಯುತ್ತದೆ. ಹತ್ತನೇ ತರಗತಿಯ ರಸಾಯನಶಾಸ್ತ್ರದ ಮೊದಲ ಪಾಠದಲ್ಲೇ ಒಂದು ಚೆಂದದ ಚಟುವಟಿಕೆ ಇದೆ. ಮೂರು ಕಬ್ಬಿಣದ ಮೊಳೆಗಳನ್ನು ಮರಳು ಕಾಗದದಿಂದ ಉಜ್ಜಬೇಕು, ಎರಡನ್ನು ದಾರ ಕಟ್ಟಿ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಸುಮಾರು 20 ನಿಮಿಷ ಮುಳುಗಿಸಬೇಕು, ಒಂದನ್ನು ಹೋಲಿಕೆಗೆಂದು ಹೊರಗೆ ಇಡಬೇಕು. ಅಡಿಕೆ ಅಂಗಳದ ಕತ್ತಿಗೆ ತಾಮ್ರ ಹತ್ತುವುದೂ ಇದೇ ಕ್ರಿಯೆಯಿಂದ. ಒಂದು ಮೊಳೆಯನ್ನು ಹೊರಗಿಡಿ ಎಂಬ ಪುಟ್ಟ ಅಪ್ಪಣೆಯಲ್ಲಿ ಆಧುನಿಕ ವಿಜ್ಞಾನದ ಒಂದು ದೊಡ್ಡ ವಿಚಾರ ಅಡಗಿದೆ: ಹೋಲಿಸಲು ಏನೂ ಇಲ್ಲದಿದ್ದರೆ ಬದಲಾವಣೆ ಆಯಿತು ಎನ್ನಲು ಆಧಾರವೇ ಇಲ್ಲ. ಮೊಳೆ ಹೊರಗಿಟ್ಟ ಮಗುವಿಗೆ ಇದು ಕೈಯಿಂದ ತಿಳಿಯುತ್ತದೆ. ಆದರೆ ಮಗು ಮೊಳೆ ಮುಟ್ಟುವ ಮೊದಲೇ ಕೆಳಗಿನ ಸಾಲಿನಲ್ಲಿ ಉತ್ತರ ಅಚ್ಚಾಗಿರುತ್ತದೆ. ಅನೇಕ ಕಡೆ ಪ್ರಯೋಗ ನಡೆಯುವುದೂ ಇಲ್ಲ. ಪ್ರಾಯೋಗಿಕ ದಾಖಲೆ ಪುಸ್ತಕದಲ್ಲಿ ಮಾತ್ರ ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ ಎಂದು ಗೆರೆ ಎಳೆದು ‘ಮುಳುಗಿಸಲಾಯಿತು’, ‘ಕಂಡುಬಂದಿತು’ ಎಂದು ಮುದ್ದಾಗಿ ಬರೆಸುತ್ತಾರೆ. ಮಾಡದ ಕೆಲಸಕ್ಕೆ, ಕಾಣದ ಬಣ್ಣಕ್ಕೆ ಹದಿನೈದು ವರ್ಷದ ಮಗು ಸಾಕ್ಷಿ ಹೇಳುತ್ತದೆ. ಇದಕ್ಕಿಂತ ದೊಡ್ಡ ಹಾನಿ ವಿಜ್ಞಾನ ಶಿಕ್ಷಣದಲ್ಲಿ ನನಗೆ ಇನ್ನೊಂದು ಕಾಣುವುದಿಲ್ಲ.

ಫೋನಿಗೆ ಬರುವ ಆರೋಗ್ಯ ಸಂದೇಶಗಳೂ ವಿಧ್ಯರ್ಥದಲ್ಲೇ ಇರುತ್ತವೆ. ಬೆಳಿಗ್ಗೆ ಇಂಥ ಎಲೆಯ ರಸ ಕುಡಿಯಿರಿ, ಸಕ್ಕರೆ ಕಾಯಿಲೆ ಮಾಯ. ಹತ್ತು ಜನಕ್ಕೆ ಕಳಿಸಿ. ಮೇಲುನೋಟಕ್ಕೆ ವಿಜ್ಞಾನದ ಅಪ್ಪಣೆಗೂ ಇದಕ್ಕೂ ವ್ಯತ್ಯಾಸವಿಲ್ಲ. ಆದರೆ ಅದರಲ್ಲಿ ಅಳತೆ ಇರುವುದಿಲ್ಲ, ಯಾರು ಕುಡಿಯಬಾರದು ಎಂಬುದಿರುವುದಿಲ್ಲ, ಗುಣವಾಗದಿದ್ದರೆ ಯಾವಾಗ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು ಎಂಬುದಿರುವುದಿಲ್ಲ. ಕೆಂಪಗಾದರೆ ಸುಣ್ಣ ಸೇರಿಸಿ ಎಂಬಂಥ ಒಂದು ‘ಆದರೆ’ಯೂ ಸಿಗದು. ತಾನು ತಪ್ಪಾಗಬಹುದು ಎಂಬ ಎಣಿಕೆ ಇಲ್ಲದ ಅಪ್ಪಣೆಯನ್ನು ಪಾಲಿಸಬೇಕಾಗಿಲ್ಲ.

ಪಠ್ಯಪುಸ್ತಕ, ಕೃಷಿ ಕರಪತ್ರ, ಆರೋಗ್ಯ ಇಲಾಖೆಯ ಭಿತ್ತಿಪತ್ರ, ಔಷಧಿಯ ಚೀಟಿ ಬರೆಯುವ ಎಲ್ಲರಲ್ಲೂ ಒಂದು ಕೋರಿಕೆ. ಅಚ್ಚಿಗೆ ಕಳಿಸುವ ಮೊದಲು, ಆ ಕೆಲಸವನ್ನು ಹಿಂದೆಂದೂ ಮಾಡದ ಒಬ್ಬರ ಕೈಗೆ ನಿಮ್ಮ ಹಾಳೆ ಕೊಡಿ. ಸಾಮಾನುಗಳನ್ನು ಮುಂದಿಡಿ. ಅವರು ಓದಿಕೊಂಡು ಮಾಡುವಾಗ ಪಕ್ಕದಲ್ಲಿ ಕೂತು ನೋಡಿ, ಬಾಯಿ ಬಿಡಬೇಡಿ. ಅವರು ಎಲ್ಲಿ ತಡವರಿಸಿದರೋ, ಎಲ್ಲಿ ನಿಮ್ಮ ಮುಖ ನೋಡಿದರೋ ಆ ಸಾಲನ್ನು ತಿದ್ದಿ, ಇನ್ನೊಬ್ಬರಿಗೆ ಕೊಡಿ. ಒಬ್ಬರು ಏನೂ ಕೇಳದೆ ಮಾಡಿ ಮುಗಿಸಿದ ದಿನ ಅಚ್ಚಿಗೆ ಕಳಿಸಿ.